ಹಳೆಯ ಪಿಕಪ್ಪಿನ ಮೈಲೇಜ್ ಹೆಚ್ಚಿಸಲು ಯಾವ ಉಪಕರಣ ಕೂರಿಸಬೇಕು?

ಕೆಲಸಕ್ಕೆ ಬಳಸುವ 15 ವರ್ಷದ ಡೀಸೆಲ್ ಪಿಕಪ್ಪು ಮೊದಲಿನಂತೆ ಮೈಲೇಜ್ ಕೊಡುತ್ತಿಲ್ಲ, ಇಂಧನದ ಪೈಪಿಗೆ ಮ್ಯಾಗ್ನೆಟ್ ಕಟ್ಟಲೇ, ಟ್ಯಾಂಕಿಗೆ ಅಡಿಟಿವ್ ಸುರಿಯಲೇ ಅಥವಾ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೇ ಬದಲಿಸಲೇ ಎಂದು ಕೇಳಿದ್ದೀರಿ. ಈ ಮೂರನ್ನೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಮಾಡಿ ಕೈ ಸುಟ್ಟುಕೊಂಡವನು ನಾನು. ನನ್ನ ಗಾಡಿಯ ರೋಗ ಬೇರೆ ಕಡೆ ಇತ್ತು, ಅದನ್ನು ತಂದು ಅಂಟಿಸಿದವನೂ ನಾನೇ ಆಗಿದ್ದೆ.

ಪಂಪು, ಪೈಪು, ಚೈನ್ ಪುಲ್ಲಿಗಳನ್ನು ಹೇರಿಕೊಂಡು ದಿನವೂ ತಿರುಗುವ ಗಾಡಿ ಅದು. ಒಂದು ಬೇಸಿಗೆಯಲ್ಲಿ ಏರು ಹತ್ತುವಾಗಲೆಲ್ಲ ಎಂಜಿನ್ ಕಾಯತೊಡಗಿತು. ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟು, ಇದು ಇಲ್ಲದಿದ್ದರೂ ನಡೆಯುತ್ತದೆ, ನೀರು ಸರಾಗವಾಗಿ ಓಡಲಿ ಎಂದರು. ನನಗೂ ಅದು ಸರಿ ಎನಿಸಿತು. ಅಂದಿನಿಂದ ಉಷ್ಣತೆಯ ಮುಳ್ಳು ಕಾಲು ಗೀಟನ್ನು ದಾಟಲೇ ಇಲ್ಲ, ಹಳೆಯ ಗಾಡಿಯಾದರೂ ಎಷ್ಟು ತಂಪಾಗಿ ಓಡುತ್ತಿದೆ ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಗಾಡಿಯಲ್ಲಿಯೂ ಯಾರಾದರೂ ಇದನ್ನು ಮಾಡಿರುವ ಸಾಧ್ಯತೆ ಕಡಿಮೆಯೇನಲ್ಲ. ಥರ್ಮೋಸ್ಟಾಟಿನೊಳಗೆ ಮೇಣ ತುಂಬಿದ ಒಂದು ಚಿಕ್ಕ ಡಬ್ಬಿ ಇರುತ್ತದೆ. ಎಂಜಿನ್ನಿನ ನೀರು ಅದರ ಮೇಲೆ ಅಚ್ಚು ಹಾಕಿರುವ ಉಷ್ಣತೆಗೆ, ನನ್ನದರಲ್ಲಿ 82 ಡಿಗ್ರಿಗೆ, ಬರುವವರೆಗೂ ಅದು ನೀರನ್ನು ತಣಿಸುವ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಅಲ್ಲಿಗೆ ಬಂದಾಗ ಮೇಣ ಕರಗಿ, ಹಿಗ್ಗಿ, ಕವಾಟವನ್ನು ತಳ್ಳುತ್ತದೆ. ಅದನ್ನು ಕಿತ್ತುಹಾಕಿದರೆ ಎಂಜಿನ್ ಯಾವಾಗಲೂ ಅರೆಬೆಚ್ಚಗೇ ಉಳಿಯುತ್ತದೆ. ಆಯಿಲ್ ತೆಳುವಾಗದೆ ಒಳಗಿನ ಘರ್ಷಣೆ ಹೆಚ್ಚುತ್ತದೆ. ಇಂಧನವನ್ನು ಅಳೆದು ಕೊಡುವ ಕಂಪ್ಯೂಟರು ಗಾಡಿಯನ್ನು ಈಗಷ್ಟೇ ಸ್ಟಾರ್ಟ್ ಮಾಡಿದ್ದಾರೆಂದು ತಿಳಿದು ಅದಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಗೆ ತಾಗಿದ ಡೀಸೆಲ್ ಪೂರ್ತಿ ಉರಿಯದೆ ರಿಂಗುಗಳ ಸಂದಿನಿಂದ ಜಾರಿ ಆಯಿಲಿಗೆ ಬೆರೆಯುತ್ತದೆ. ನನ್ನ ಗಾಡಿಯ ಆಯಿಲ್ ಮಟ್ಟ ತಿಂಗಳುಗಟ್ಟಲೆ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದನ್ನೂ ನಾನು ಎಂಜಿನ್ನಿನ ಆರೋಗ್ಯದ ಗುರುತೆಂದೇ ಭಾವಿಸಿದ್ದೆ. ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ಕನ್ನು ಒಮ್ಮೆಯಾದರೂ ಮೂಗಿನ ಹತ್ತಿರ ಹಿಡಿದಿದ್ದರೆ ಡೀಸೆಲ್ ವಾಸನೆ ಹೊಡೆಯುತ್ತಿತ್ತು.

ಈ ನಡುವೆ ಲೀಟರಿಗೆ 12 ಕಿಲೋಮೀಟರ್ ಓಡುತ್ತಿದ್ದ ಗಾಡಿ 9ಕ್ಕೆ ಇಳಿಯಿತು. ಮ್ಯಾಗ್ನೆಟ್ ಕಟ್ಟಿದೆ, ಏನೂ ಆಗಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆಂದು ಹೇಳಿಕೊಳ್ಳುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವಂಥದ್ದು ಅವುಗಳಲ್ಲಿ ಒಂದೂ ಅದಕ್ಕೆ ಸಿಕ್ಕಿಲ್ಲ ಎಂಬುದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಅಡಿಟಿವ್ ಮೂರು ಡಬ್ಬಿ ಖಾಲಿಯಾಯಿತು. ಕೊನೆಗೆ ಇಂಜೆಕ್ಟರುಗಳನ್ನು ಬಿಚ್ಚಿಸಿ ಪರೀಕ್ಷೆಗೆ ಕಳುಹಿಸಿದೆ. ನಾಲ್ಕೂ ಸರಿಯಾಗಿವೆ ಎಂಬ ಚೀಟಿ ಬಂತು, ಬಿಲ್ಲಿನ ಜೊತೆಗೆ.

ಅಷ್ಟಾದ ಮೇಲೆ ಟೂಲ್ ಬಾಕ್ಸಿನ ತಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆ ಥರ್ಮೋಸ್ಟಾಟ್ ಕಣ್ಣಿಗೆ ಬಿತ್ತು. ಅದನ್ನೂ ಹೊಸದಾಗಿ ಕೊಂಡ ಒಂದನ್ನೂ ಪಾತ್ರೆಯ ನೀರಿನಲ್ಲಿ ತೇಲಾಡುವಂತೆ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಎಂಬತ್ತು ದಾಟುತ್ತಿದ್ದಂತೆ ಹೊಸದರ ಬಿಲ್ಲೆ ಮೆಲ್ಲನೆ ಬಾಯಿ ತೆರೆಯಿತು. ಅದರ ಹಿಂದೆಯೇ ಹಳೆಯದೂ ತೆರೆಯಿತು! ಅಂದರೆ ಎಂಜಿನ್ ಕಾದದ್ದಕ್ಕೆ ಅದು ಕಾರಣವೇ ಆಗಿರಲಿಲ್ಲ. ರೇಡಿಯೇಟರಿಗೂ ಎಸಿ ಕಂಡೆನ್ಸರಿಗೂ ನಡುವಿನ ಸಂದಿನಲ್ಲಿ ಧೂಳು ಮತ್ತು ಒಣಹುಲ್ಲು ಕಂಬಳಿಯಂತೆ ಒತ್ತಾಗಿ ಕೂತಿತ್ತು. ಅದನ್ನು ಹಿಂಬದಿಯಿಂದ ಸಣ್ಣ ಒತ್ತಡದ ನೀರಿನಲ್ಲಿ ತೊಳೆದು, ಹೊಸ ಥರ್ಮೋಸ್ಟಾಟ್ ಕೂರಿಸಿ, ಡೀಸೆಲ್ ಬೆರೆತ ಆಯಿಲನ್ನು ಚೆಲ್ಲಿ ಬದಲಿಸಿದ ಮೇಲೆ ಮುಳ್ಳು ನಡುವಿಗೆ ಬಂದು ನಿಂತಿತು. ಮುಂದಿನ ಕೆಲವು ಟ್ಯಾಂಕುಗಳಲ್ಲಿ ಮೈಲೇಜ್ ಹನ್ನೊಂದರ ಮೇಲೆ ಉಳಿಯಿತು.

ಉಳಿದ ಅರ್ಧ ಕಿಲೋಮೀಟರು ಬ್ರೇಕಿನಲ್ಲಿ ಸಿಕ್ಕಿತು. ಬ್ರೇಕನ್ನು ಹೆಚ್ಚು ಒತ್ತದೆ ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರಕ್ಕೆ ಮುಟ್ಟದಂತೆ ಕೈ ಒಯ್ದು ನೋಡಿ. ಒಂದರಿಂದ ಮಾತ್ರ ಬಿಸಿ ಹೊಮ್ಮುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ನನ್ನ ಗಾಡಿಯಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ ಎಡ ಹಿಂಬದಿಯಲ್ಲಿ ತುಕ್ಕು ಹಿಡಿದು ಪೂರ್ತಿ ಸಡಿಲಾಗುತ್ತಿರಲಿಲ್ಲ. ಟೈರಿನ ಗಾಳಿಯ ವಿಷಯ ನಿಮಗೆ ಗೊತ್ತೇ ಇರುತ್ತದೆ, ಬಾಗಿಲ ಬದಿಯ ಚೀಟಿಯಲ್ಲಿ ಹೊರೆಗೆ ತಕ್ಕ ಅಂಕಿ ಇದೆ. ದೊಡ್ಡ ಟೈರ್ ಹಾಕಿಸಿದ್ದರೆ ಓಡೋಮೀಟರು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ, ನೀವು ಕಳೆದುಕೊಂಡೆನೆಂದುಕೊಂಡ ಮೈಲೇಜಿನಲ್ಲಿ ಒಂದು ಪಾಲು ಅಲ್ಲಿಯೇ ಇರಬಹುದು. ವೇಗವನ್ನಂತೂ ಇಳಿಸಿ: 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಪಿಕಪ್ಪಿನ ಮೈಕಟ್ಟಿಗೆ ಅದು ದುಬಾರಿ.

ನೀವು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದಷ್ಟೇ ಲೆಕ್ಕ ಹಾಕುತ್ತಿರುವುದನ್ನೂ ನಾನು ಒಪ್ಪುವುದಿಲ್ಲ. ದುಡಿಯುವ ಗಾಡಿ ಒಂದು ದಿನ ಖಾಲಿ ಓಡುತ್ತದೆ, ಮರುದಿನ ಟನ್ ಹೊತ್ತು ಏರು ಹತ್ತುತ್ತದೆ; ಎರಡು ಟ್ಯಾಂಕುಗಳನ್ನು ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳ ಕಾಲ ಪ್ರತಿ ಬಾರಿಯೂ ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿದ ದೂರ ಮತ್ತು ತುಂಬಿದ ಲೀಟರುಗಳ ಪಕ್ಕದಲ್ಲಿ ಅಂದು ಹೊತ್ತ ಹೊರೆಯನ್ನೂ ಬರೆದಿಡಿ. ನಾನು ಹಾಗೆ ಬರೆಯತೊಡಗಿದ ಮೇಲೆಯೇ, ಎರಡು ವರ್ಷದಿಂದ ಯಾವ ಕೆಲಸಕ್ಕೂ ಬಾರದ ಒಂದು ಸುಟ್ಟ ಮೋಟಾರನ್ನು ಹಿಂದೆ ಹೊತ್ತು ತಿರುಗುತ್ತಿದ್ದೇನೆಂದು ನನಗೆ ಗೊತ್ತಾದದ್ದು.

ಇಂಜೆಕ್ಟರಿಗೆ ಕೈ ಹಾಕುವ ಮೊದಲು, ಅರ್ಧ ಗಂಟೆ ಓಡಿಸಿದ ನಂತರ ನಿಮ್ಮ ಗಾಡಿಯ ಉಷ್ಣತೆಯ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ತಿಳಿಸಿ.