ಓದುಗರ ಪ್ರಶ್ನೆ: ಹಾಟ್ ರಾಡ್‌ನಲ್ಲಿ ಬ್ಯಾಟರಿಗೆ ಯಾವ ಜಾಗ?

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಡೆಟ್ರಾಯಿಟ್ ಬಳಿ ನೆಲೆಸಿರುವ ಕನ್ನಡಿಗ. 1932ರ ಫೋರ್ಡ್ ರೋಡ್‌ಸ್ಟರ್ ಮಾದರಿಯಲ್ಲಿ ಹಾಟ್ ರಾಡ್ (ಹಳೆಯ ಕಾರಿನ ರೂಪಕ್ಕೆ ಬಲವಾದ ಎಂಜಿನ್ ಕೂರಿಸಿ ಮಾರ್ಪಡಿಸಿದ ಕಾರು) ಒಂದನ್ನು ಕಟ್ಟುತ್ತಿದ್ದೇನೆ. ಬಾಡಿ ಫೈಬರಿನದು, ಚಾಸಿ ಉಕ್ಕಿನದು, ಎಂಜಿನ್ ಷೆವರ್ಲೆ 350 ವಿ8, ರೇಡಿಯೇಟರ್‌ಗೆ ಎಲೆಕ್ಟ್ರಿಕ್ ಫ್ಯಾನ್. ಪೆಟ್ರೋಲ್ ಟ್ಯಾಂಕು ಮೂಲ ಕಾರಿನಲ್ಲಿದ್ದಂತೆ ಬಾಡಿಯ ಹಿಂದೆ, ಹೊರಗಡೆಯೇ ಇದೆ. ಬ್ಯಾಟರಿಯನ್ನು ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ) ಕೂರಿಸು ಎಂದು ಒಬ್ಬರು, ನೆಲದಡಿ ಇಡು ಎಂದು ಇನ್ನೊಬ್ಬರು, ಡಿಕ್ಕಿಯಲ್ಲಿಡು ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕಾರನ್ನು ಇಳಿಸುವ ಆಸೆಯಿದೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿರುವ ವಿವರಗಳೇ ಉತ್ತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ನನ್ನ ಸಲಹೆ ಡಿಕ್ಕಿಯೇ, ಅದರಲ್ಲೂ ಸೀಟಿನ ಬೆನ್ನಿಗೆ ಹತ್ತಿರವಾದ ಬಲ ಮೂಲೆ. ಆದರೆ ಅಲ್ಲಿಂದ ಸ್ಟಾರ್ಟರ್‌ವರೆಗೆ (ಎಂಜಿನ್ ಎಬ್ಬಿಸುವ ಮೋಟಾರಿನವರೆಗೆ) ಹೋಗುವ ಕೇಬಲ್ಲಿಗೆ ಬ್ಯಾಟರಿಗಿಂತಲೂ ಹೆಚ್ಚಿನ ಗಮನ ಕೊಡಲು ನೀವು ಸಿದ್ಧರಿರಬೇಕು.

ಫೈರ್‌ವಾಲ್ ಬೇಡವೆನ್ನಲು ಎರಡು ಕಾರಣಗಳಿವೆ. ನಿಮ್ಮ ಷೆವರ್ಲೆ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಎಂಜಿನ್ನಿನ ಹಿಂತುದಿಯಲ್ಲಿ, ಫೈರ್‌ವಾಲ್‌ಗೆ ತಾಗಿದಂತೆಯೇ ಇರುತ್ತದೆ. 1932ರ ಬಾಡಿಯಲ್ಲಿ ಅದಕ್ಕೆ ಜಾಗ ಮಾಡಲು ಎಷ್ಟೋ ಜನ ಫೈರ್‌ವಾಲನ್ನೇ ಒಳಕ್ಕೆ ತಗ್ಗಿಸಿಕೊಂಡಿರುತ್ತಾರೆ. ಇನ್ನೊಂದು ಕಾರಣ ಶಾಖ. ಸೀಸ ಮತ್ತು ಆಮ್ಲದ ಬ್ಯಾಟರಿಯ ಸುತ್ತಲಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಆಗಸ್ಟಿನ ಬಿಸಿಲಲ್ಲಿ, ಸಾಲುಗಟ್ಟಿದ ಕಾರುಗಳ ನಡುವೆ ನಡಿಗೆಯ ವೇಗದಲ್ಲಿ ಸಾಗುವಾಗ ಎಕ್ಸಾಸ್ಟ್ ಪೈಪುಗಳ ಕಾವನ್ನು ಒಯ್ಯಲು ಗಾಳಿಯೇ ಇರುವುದಿಲ್ಲ.

ನೆಲದಡಿಯ ಜಾಗಕ್ಕೆ ಗೌರವಾನ್ವಿತ ಇತಿಹಾಸವಿದೆ. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಬ್ಯಾಟರಿ ಮುಂದಿನ ನೆಲಹಲಗೆಯ ಕೆಳಗೇ ಇತ್ತು. ಆಗಿನದು 6 ವೋಲ್ಟ್ ವ್ಯವಸ್ಥೆ. ಫೋರ್ಡ್ 12 ವೋಲ್ಟ್‌ಗೆ ಬಂದದ್ದು 1956ರ ಕಾರುಗಳಲ್ಲಿ. ಅಷ್ಟೇ ಕೆಲಸಕ್ಕೆ 6 ವೋಲ್ಟ್‌ನಲ್ಲಿ ಎರಡರಷ್ಟು ಕರೆಂಟು ಹರಿಯಬೇಕಾದ್ದರಿಂದ ಸ್ಟಾರ್ಟರ್‌ಗೆ ಹತ್ತಿರವಿರುವುದು ದೊಡ್ಡ ಲಾಭವಾಗಿತ್ತು. ನಿಮ್ಮ ಕಾರಿನಲ್ಲಿ ಆ ಲಾಭಕ್ಕಿಂತ ತೊಡಕೇ ಹೆಚ್ಚು. ಎಡಬದಿಯಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಮತ್ತು ಪೆಡಲುಗಳು, ಬಲಬದಿಯಲ್ಲಿ ಸ್ಟಾರ್ಟರ್ ಮತ್ತು ಎಕ್ಸಾಸ್ಟ್ ಪೈಪು ಇರುತ್ತವೆ. ಸುಮಾರು 20 ಸೆಂಟಿಮೀಟರ್ ಎತ್ತರದ ಸಾಮಾನ್ಯ ಬ್ಯಾಟರಿಯನ್ನು ತೂಗುಹಾಕಿದರೆ ಅದು ಚಾಸಿಗಿಂತ ಕೆಳಗೆ ಇಳಿಯುತ್ತದೆ. ತಗ್ಗಿಸಿ ಕಟ್ಟಿದ ಕಾರಿನಲ್ಲಿ ರಸ್ತೆಯ ಉಬ್ಬು ಮೊದಲು ತಾಗುವುದು ಅದಕ್ಕೇ. ಮೋಟಾರ್‌ಸೈಕಲ್ ಗಾತ್ರದ ಸಣ್ಣ ಬ್ಯಾಟರಿಯನ್ನು ಅಲ್ಲಿ ಅಡಗಿಸಬಹುದು, ಆದರೆ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ ವಿದ್ಯುತ್ ಜನಕದಿಂದ) ಬರುವ ಕರೆಂಟು ಕಡಿಮೆ, ಎಲೆಕ್ಟ್ರಿಕ್ ಫ್ಯಾನ್ ಕೇಳುವುದು ಹೆಚ್ಚು. ಆ ಕೊರತೆಯನ್ನು ತುಂಬಲು ಸಂಗ್ರಹ ಸಾಕಾಗುವುದಿಲ್ಲ.

ಇನ್ನು ಡಿಕ್ಕಿ. ಮುಂದೆ ಭಾರವಾದ ಎಂಜಿನ್ ಇರುವ ಹಗುರ ಕಾರಿಗೆ ಹಿಂದಿನ ಅಚ್ಚಿನ ಮೇಲೆ 17-18 ಕಿಲೋ ಬೀಳುವುದು ಒಳ್ಳೆಯದೇ. ಬಲ ಮೂಲೆ ಏಕೆಂದರೆ ಅಮೆರಿಕದಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ಅವನ ಭಾರಕ್ಕೆ ಅದು ಸರಿತೂಕ. ಅಲ್ಲದೆ ಜೋರಾಗಿ ಹೊರಟಾಗ ಪ್ರೊಪೆಲ್ಲರ್ ಶಾಫ್ಟಿನ ತಿರುಚುಬಲ ಹಿಂದಿನ ಬಲಚಕ್ರದ ಮೇಲಿನ ಭಾರವನ್ನು ಹಗುರಗೊಳಿಸುತ್ತದೆ. ಡ್ರ್ಯಾಗ್ ರೇಸಿನವರು (ನೇರ ಹಾದಿಯಲ್ಲಿ ಸ್ವಲ್ಪ ದೂರದ ವೇಗದ ಪಂದ್ಯದವರು) ಬ್ಯಾಟರಿಯನ್ನು ಆ ಚಕ್ರದ ಮೇಲೆ ಇಡುವುದು ಇದಕ್ಕಾಗಿಯೇ. ಹಿಂಬದಿಯ ತಗಡಿನಾಚೆ ಪೆಟ್ರೋಲ್ ಟ್ಯಾಂಕು ಇರುವುದರಿಂದ ಬ್ಯಾಟರಿಯನ್ನು ಡಿಕ್ಕಿಯೊಳಗೆ ಎಷ್ಟು ಮುಂದಕ್ಕೆ ತರಬಹುದೋ ಅಷ್ಟು ತನ್ನಿ. ನೀವು ಟ್ಯಾಂಕನ್ನು ಡಿಕ್ಕಿಯೊಳಕ್ಕೆ ತಂದಿದ್ದರೆ ಇಲ್ಲಿ ಬ್ಯಾಟರಿಯ ಮಾತನ್ನೇ ನಾನು ಎತ್ತುತ್ತಿರಲಿಲ್ಲ.

ಫೈಬರ್ ನೆಲಕ್ಕೆ ಬ್ಯಾಟರಿ ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸುವುದನ್ನು ದಯವಿಟ್ಟು ಮಾಡಬೇಡಿ. ಡಿಕ್ಕಿಯ ನೆಲದ ಕೆಳಗೆ ಚಾಸಿಯ ಅಡ್ಡಕಂಬಿಗೆ ಆಂಗಲ್ ಕಬ್ಬಿಣದ ಎರಡು ತುಂಡುಗಳನ್ನು ವೆಲ್ಡ್ ಮಾಡಿಸಿ, ಬೋಲ್ಟುಗಳು ಫೈಬರನ್ನು ಹಾದು ಆ ಕಬ್ಬಿಣವನ್ನು ಹಿಡಿಯುವಂತೆ ಮಾಡಿ. ಡ್ರ್ಯಾಗ್ ರೇಸಿನ ನಿಯಮಗಳನ್ನು ರೂಪಿಸುವ ಎನ್‌ಎಚ್‌ಆರ್‌ಎ ಸಂಸ್ಥೆ ಕನಿಷ್ಠ ಎರಡು 3/8 ಇಂಚಿನ ಬೋಲ್ಟುಗಳನ್ನು ಕೇಳುತ್ತದೆ. ಬ್ಯಾಟರಿ ಡಿಕ್ಕಿಗೆ ಹೋದರೆ ಕೂರುವ ಜಾಗಕ್ಕೂ ಡಿಕ್ಕಿಗೂ ನಡುವೆ 0.024 ಇಂಚು ದಪ್ಪದ ಉಕ್ಕಿನ ಅಥವಾ 0.032 ಇಂಚಿನ ಅಲ್ಯೂಮಿನಿಯಂ ತಗಡಿನ ಗೋಡೆ ಇರಬೇಕು, ಇಲ್ಲವಾದರೆ ಬ್ಯಾಟರಿ ಹೊರಕ್ಕೆ ಗಾಳಿಕೊಳವೆಯುಳ್ಳ ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು ಎಂಬುದೂ ಅದರ ನಿಯಮ. ರೋಡ್‌ಸ್ಟರ್‌ಗಳಲ್ಲಿ ಸೀಟಿನ ಬೆನ್ನಿನ ಹಿಂದೆ ಬರೀ ರಟ್ಟು ಮತ್ತು ಬಟ್ಟೆ ಇರುವುದು ಸಾಮಾನ್ಯ. ನೀವು ಪಂದ್ಯಕ್ಕೆ ಹೋಗದಿದ್ದರೂ ಆ ಗೋಡೆಯನ್ನು ಹಾಕಿಸಿ. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಗಾಳಿಯಲ್ಲಿ ಶೇಕಡಾ 4ರಷ್ಟು ಬೆರೆತರೆ ಒಂದು ಕಿಡಿ ಸಾಕು. ಎಜಿಎಂ ಬ್ಯಾಟರಿಯಲ್ಲಿ (ಆಮ್ಲವನ್ನು ಗಾಜಿನೆಳೆಯ ಹಾಸು ಹೀರಿಟ್ಟುಕೊಂಡಿರುವ ಮುಚ್ಚಿದ ಬ್ಯಾಟರಿ) ಆಮ್ಲ ಚೆಲ್ಲುವ ಭಯವಿಲ್ಲದಿದ್ದರೂ, ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಚಾರ್ಜ್ ಮಿತಿಮೀರಿದರೆ ಅದರ ಕವಾಟವೂ ತೆರೆದು ಅನಿಲ ಬಿಡುತ್ತದೆ. ಆದ್ದರಿಂದ ಗಾಳಿಕೊಳವೆಯ ವಿಷಯದಲ್ಲಿ ರಿಯಾಯಿತಿ ಬೇಡ.

ಕೇಬಲ್ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. ಚಾಸಿಯ ಅಂಚಿನಲ್ಲಿ ಬಳಸಿಕೊಂಡು ಬಂದರೆ ಡಿಕ್ಕಿಯಿಂದ ಸ್ಟಾರ್ಟರ್‌ಗೆ ಸುಮಾರು 4.5 ಮೀಟರ್ ಎಂದುಕೊಳ್ಳಿ. ಸ್ಟಾರ್ಟರ್ 200 ಆಂಪಿಯರ್ ಎಳೆದಾಗ 4 ಗೇಜಿನ ತಾಮ್ರದ ಕೇಬಲ್ಲಿನಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಅದಕ್ಕಿಂತ ದಪ್ಪವಾದ 1/0 ಗೇಜಿನದಾದರೆ ಸುಮಾರು 0.3 ವೋಲ್ಟ್. ಕಾದ ಎಂಜಿನ್ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ. ಹಾಗಾಗಿ 1/0ಕ್ಕಿಂತ ತೆಳುವಾದುದನ್ನು ಕೊಳ್ಳಬೇಡಿ, ಮತ್ತು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ಲನ್ನು ಅಗ್ಗವೆಂದು ತರಬೇಡಿ. ಕೇಬಲ್ಲು ತಗಡಿನ ತೂತು ಹಾಯುವಲ್ಲೆಲ್ಲ ಅಂಚು ಕೊರೆಯದಂತೆ ರಬ್ಬರ್ ಗ್ರಾಮೆಟ್ (ಬಳೆ) ಇರಲಿ, ಎಕ್ಸಾಸ್ಟ್ ಪೈಪಿರದ ಪಕ್ಕದಲ್ಲಿ ಅದು ಸಾಗಲಿ, ಗೇಣೆರಡು ಗೇಣಿಗೊಂದು ಕ್ಲಾಂಪ್ ಬೀಳಲಿ.

ಇಷ್ಟಾದರೂ ಆ ಕೇಬಲ್ಲು ಕಾರಿನ ಉದ್ದಕ್ಕೂ ಸದಾ ಜೀವಂತವಾಗಿರುತ್ತದೆ ಎಂಬ ಚಿಂತೆ ಉಳಿಯುತ್ತದೆ. ಇದಕ್ಕೊಂದು ಸೊಗಸಾದ ಪರಿಹಾರವಿದೆ: ಹಳೆಯ ಫೋರ್ಡ್ ಕಾರುಗಳ ಮಾದರಿಯ ಬಿಡಿ ಸೊಲೆನಾಯ್ಡನ್ನು (ಕೀಲಿಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ವಿದ್ಯುತ್ಕಾಂತ ಸ್ವಿಚ್ಚನ್ನು) ಡಿಕ್ಕಿಯಲ್ಲಿ ಬ್ಯಾಟರಿಯ ಪಕ್ಕದಲ್ಲೇ ಕೂರಿಸಿದರೆ, ದಪ್ಪ ಕೇಬಲ್ಲಿನಲ್ಲಿ ಕರೆಂಟು ಇರುವುದು ಕೀಲಿ ತಿರುಗಿಸಿ ಎಂಜಿನ್ ಎಬ್ಬಿಸುವ ಕ್ಷಣಗಳಲ್ಲಿ ಮಾತ್ರ. ಉಳಿದ ಕೆಲಸಗಳಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದ ಬೇರೆ ತಂತಿಯನ್ನು ಎಳೆಯಿರಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸ್ಟಾರ್ಟರಿನ ಮೇಲೇ ಇರುವ ಇನ್ನೊಂದು ಸೊಲೆನಾಯ್ಡಿನ ದೊಡ್ಡ ಮತ್ತು ಸಣ್ಣ ಟರ್ಮಿನಲ್ಲುಗಳನ್ನು ತುಂಡು ತಂತಿಯಿಂದ ಜೋಡಿಸಿಬಿಡುವ ರೂಢಿಯಿದೆ. ಶಾಶ್ವತ ಅಯಸ್ಕಾಂತದ ಗೇರ್ ಸ್ಟಾರ್ಟರ್‌ಗಳಲ್ಲಿ ಹೀಗೆ ಮಾಡಿದರೆ ಕೀಲಿ ಬಿಟ್ಟ ಮೇಲೂ ತಿರುಗುತ್ತಿರುವ ಮೋಟಾರು ತಾನೇ ಕರೆಂಟು ಹುಟ್ಟಿಸಿ ಸೊಲೆನಾಯ್ಡನ್ನು ಹಿಡಿದಿಡುತ್ತದೆ, ಗೇರು ಕಚ್ಚಿಕೊಂಡೇ ಇರುತ್ತದೆ. ಸಣ್ಣ ಟರ್ಮಿನಲ್ಲಿಗೆ ಬೇರೆಯೇ ತಂತಿ ಕೊಡಿ.

ಅರ್ಥಿಂಗ್‌ಗೆ ಫೈಬರ್ ಬಾಡಿ ಉಪಯೋಗಕ್ಕೆ ಬಾರದು. ಬ್ಯಾಟರಿಯ ಮೈನಸ್ಸಿನಿಂದ ಚಾಸಿಗೆ, ಎಂಜಿನ್ನಿನಿಂದ ಚಾಸಿಗೆ ಅಷ್ಟೇ ದಪ್ಪದ ಕೇಬಲ್ ಇರಲಿ. ಬೋಲ್ಟ್ ಕೂರುವ ಕಡೆ ಪೇಂಟನ್ನು ಹೊಳೆಯುವ ಉಕ್ಕು ಕಾಣುವವರೆಗೆ ಕೆರೆಯಿರಿ. ಲೈಟು, ಮೀಟರು, ಹಾರ್ನುಗಳ ಮೈನಸ್ ತಂತಿಗಳನ್ನು ಡ್ಯಾಶ್‌ಬೋರ್ಡಿನ ಹಿಂದೆ ಒಂದು ತಾಮ್ರದ ಪಟ್ಟಿಗೆ ತಂದು, ಆ ಪಟ್ಟಿಯನ್ನು ಚಾಸಿಗೆ ಜೋಡಿಸಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರು 1940ರ ಫೋರ್ಡ್ ಕೂಪೆಯ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ನಿಯಮದಂತೆ ಕಾರಿನ ಹಿಂಬದಿಯಲ್ಲಿ ಎಲ್ಲ ಕರೆಂಟನ್ನೂ ಕಡಿಯುವ ಮಾಸ್ಟರ್ ಸ್ವಿಚ್ ಕೂರಿಸಿದ್ದಾರೆ. ಆದರೆ ಸ್ವಿಚ್ ಆರಿಸಿದರೂ ಓಡುತ್ತಿರುವ ಎಂಜಿನ್ ನಿಲ್ಲಲಿಲ್ಲವೆಂದು ಡ್ರ್ಯಾಗ್ ಸ್ಟ್ರಿಪ್‌ನ ತಪಾಸಣೆಯಲ್ಲಿ ಕಾರನ್ನು ಹಿಂದಕ್ಕೆ ಕಳಿಸಿದರು. ಸ್ವಿಚ್ಚೇ ಕೆಟ್ಟಿದೆಯೇ?

ಉತ್ತರ: ಸ್ವಿಚ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಮತ್ತು ತಪಾಸಣೆಯವರು ಮಾಡಿದ್ದು ಸರಿ. ಆಲ್ಟರ್ನೇಟರಿನ ಚಾರ್ಜಿಂಗ್ ತಂತಿ ಸ್ವಿಚ್ಚಿನಿಂದ ಮುಂದಕ್ಕೆ, ಅಂದರೆ ಎಂಜಿನ್ ಕಡೆಗೆ ಸೇರಿಕೊಂಡಿರಬೇಕು. ಆಗ ಬ್ಯಾಟರಿ ಕಡಿದುಹೋದರೂ ತಿರುಗುತ್ತಿರುವ ಆಲ್ಟರ್ನೇಟರೇ ಇಗ್ನಿಷನ್‌ಗೆ ಕರೆಂಟು ಕೊಡುತ್ತಿರುತ್ತದೆ. ಆ ತಂತಿಯನ್ನು ಸ್ವಿಚ್ಚಿನ ಬ್ಯಾಟರಿ ಬದಿಯ ಟರ್ಮಿನಲ್ಲಿಗೆ ಒಯ್ದರೆ ಸ್ವಿಚ್ ಆರಿಸಿದ ಕೂಡಲೇ ಇಗ್ನಿಷನ್ ಸಾಯುತ್ತದೆ. ಆದರೆ ಕಾರಿನ ಉದ್ದಕ್ಕೂ ಹಾಯುವ ಆ ತಂತಿ ಬ್ಯಾಟರಿಯೊಡನೆ ಸದಾ ಸಂಪರ್ಕದಲ್ಲಿ ಉಳಿಯುವುದರಿಂದ ಬ್ಯಾಟರಿಯ ತುದಿಯಲ್ಲಿ ಫ್ಯೂಸ್ ಇರಲೇಬೇಕು. ನನಗೆ ಹೆಚ್ಚು ಒಪ್ಪಿಗೆಯಾಗುವುದು ನಾಲ್ಕು ಟರ್ಮಿನಲ್ಲಿನ ಸ್ವಿಚ್: ಅದು ದಪ್ಪ ಕೇಬಲ್ಲಿನ ಜೊತೆಗೆ ಇಗ್ನಿಷನ್ನಿನ ತಂತಿಯನ್ನೂ ಒಂದೇ ಸಲಕ್ಕೆ ಕಡಿಯುತ್ತದೆ. ಬದಲಾವಣೆಯ ನಂತರ ಎಂಜಿನ್ನನ್ನು ಸ್ವಲ್ಪ ಏರಿಸಿದ ವೇಗದಲ್ಲಿಟ್ಟು, ಹೆಡ್‌ಲೈಟ್ ಹಾಕಿ, ಹೊರಗೆ ನಿಂತವರೊಬ್ಬರು ಸ್ವಿಚ್ ಆರಿಸಲಿ. ಎಂಜಿನ್ನೂ ಲೈಟೂ ಒಟ್ಟಿಗೆ ಆರಬೇಕು. ಆಫ್ ಯಾವ ಕಡೆ ಎಂಬುದನ್ನು ಸ್ವಿಚ್ಚಿನ ಪಕ್ಕದಲ್ಲಿ ದೊಡ್ಡದಾಗಿ ಬರೆಸಿ.