ಸೌಮ್ಯ ಎಂದು ಹೇಳಿದ ಸ್ಲೀಪ್ ಆಪ್ನಿಯಾ ವರ್ಷ ಕಳೆದಂತೆ ಹೆಚ್ಚಾಗುತ್ತದೆಯೇ?

ಸ್ಲೀಪ್ ಆಪ್ನಿಯಾ ಎಂದರೆ ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ. ಅದನ್ನು ಪತ್ತೆಹಚ್ಚಲು ನಿದ್ರೆಯಲ್ಲಿ ಮಾಡುವ ಸ್ಲೀಪ್ ಸ್ಟಡಿ ಪರೀಕ್ಷೆಯಲ್ಲಿ ನಿಮ್ಮ ಎಎಚ್‌ಐ 11 ಬಂದಿದೆ, ವೈದ್ಯರು ಸೌಮ್ಯ ಎಂದಿದ್ದಾರೆ, ಇದು ಹೀಗೆಯೇ ಉಳಿಯುತ್ತದೆಯೇ, ತೂಕ ಇಳಿಸಿದರೆ ಪೂರ್ತಿ ಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಉಡುಪಿಯಲ್ಲಿ ನೆಲೆಸಿರುವ, ಹನ್ನೊಂದು ವರ್ಷಗಳಿಂದ ಇದೇ ತೊಂದರೆಯೊಂದಿಗೆ ಬದುಕುತ್ತಿರುವ ರೋಗಿ.

ಎಎಚ್‌ಐ ಎಂದರೆ ನಿದ್ರೆಯ ಒಂದು ಗಂಟೆಯಲ್ಲಿ ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತದ್ದು ಅಥವಾ ತೀರ ಕ್ಷೀಣಿಸಿದ್ದು ಸರಾಸರಿ ಎಷ್ಟು ಸಲ ಎಂಬ ಲೆಕ್ಕ. 5ರಿಂದ 15ರೊಳಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ನನಗೆ ಮೊದಲು ಬಂದದ್ದು 12. ಮತ್ತೆ ಯಾವಾಗ ಪರೀಕ್ಷಿಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳದೆ ವರದಿಯನ್ನು ಕಪಾಟಿನಲ್ಲಿಟ್ಟೆ. ಆರು ವರ್ಷಗಳಲ್ಲಿ ತೂಕ 74 ಕಿಲೋದಿಂದ 83ಕ್ಕೇರಿತು. ಮಂಗಳೂರಿಗೆ ಕಾರು ಓಡಿಸುವಾಗ ಹಗಲಿನಲ್ಲೇ ರೆಪ್ಪೆ ಮುಚ್ಚತೊಡಗಿತು. ಗೊರಕೆ ಫಕ್ಕನೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ನಾನು ಏದುಸಿರು ಬಿಟ್ಟು ಹೊರಳುವುದನ್ನು ನೋಡುತ್ತ ಹೆಂಡತಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದಳು. ಎರಡನೆಯ ಪರೀಕ್ಷೆಯಲ್ಲಿ ಬಂದದ್ದು 37.

ಎಲ್ಲರಿಗೂ ಹೀಗಾಗುವುದಿಲ್ಲ, ತೂಕ ಏರದಿದ್ದರೆ ಎಷ್ಟೋ ಜನರಿಗೆ ಸಂಖ್ಯೆ ಹೆಚ್ಚು ಬದಲಾಗದೆ ಉಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಾರು ವಯಸ್ಕರನ್ನು ನಾಲ್ಕು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೂಕ ಶೇ. 10ರಷ್ಟು ಏರಿದರೆ ಎಎಚ್‌ಐ ಸರಾಸರಿ ಶೇ. 32ರಷ್ಟು ಏರುತ್ತದೆ, ಅಷ್ಟೇ ಇಳಿದರೆ ಶೇ. 26ರಷ್ಟು ತಗ್ಗುತ್ತದೆ. ಇದು ಸರಾಸರಿ ಮಾತ್ರ. ನನ್ನ ಏರಿಕೆ ಅದನ್ನು ಎಷ್ಟೋ ಮೀರಿತ್ತು. ತೂಕ ಏರಿದಾಗ ನಾಲಿಗೆಯಲ್ಲೂ ಗಂಟಲಿನ ಸುತ್ತಲೂ ಕೊಬ್ಬು ಸೇರಿ ಉಸಿರಿನ ದಾರಿ ಮೊದಲೇ ಕಿರಿದಾಗಿರುತ್ತದೆ, ನಿದ್ರೆಯಲ್ಲಿ ಸ್ನಾಯು ಸಡಿಲವಾದಾಗ ಅದು ಮುಚ್ಚಿಕೊಳ್ಳುತ್ತದೆ. ವಯಸ್ಸೂ ಇದಕ್ಕೆ ಕೂಡುತ್ತದೆ; ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅಪಾಯ ಹೆಚ್ಚುತ್ತದೆ. ಇನ್ನು, ಅಂಗಾತ ಮಲಗಿದ ರಾತ್ರಿ, ಮದ್ಯ ಕುಡಿದ ರಾತ್ರಿ ಬೇರೆಯೇ ಸಂಖ್ಯೆ ಬರಬಹುದಾದ್ದರಿಂದ, ನಿಮ್ಮ 11 ಒಂದು ರಾತ್ರಿಯ ಮಾತೆಂದು ತಿಳಿಯಿರಿ.

ನನಗೆ ಸಿಪ್ಯಾಪ್ ಯಂತ್ರ ಕೊಟ್ಟರು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ವಿಧಾನವದು: ಮಾಸ್ಕಿನ ಮೂಲಕ ಹರಿಯುವ ಗಾಳಿಯ ಒತ್ತಡ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಹಿಡಿದಿಡುತ್ತದೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ಒಂದು ಆಟಿ ತಿಂಗಳ ಮಳೆಗೆ ಮೂರು ರಾತ್ರಿ ಕರೆಂಟು ಹೋದಾಗ, ಮೂರನೆಯ ರಾತ್ರಿಗೆ ಗೊರಕೆ ಮೊದಲಿನಂತೆಯೇ ಮರಳಿತ್ತು. ಮರುವಾರವೇ ಇನ್ವರ್ಟರ್ ಹಾಕಿಸಿದೆವು.

ಆಮೇಲೆ ಎರಡು ವರ್ಷ ಪ್ರಯತ್ನಪಟ್ಟು 75 ಕಿಲೋಗೆ ಇಳಿದೆ. ಯಂತ್ರವಿಲ್ಲದೆ ಮತ್ತೆ ಪರೀಕ್ಷಿಸಿದಾಗ 18 ಬಂತು. ತೂಕ ಹೆಚ್ಚುಕಡಿಮೆ ಹಿಂದಿನಷ್ಟಾದರೂ ಸಂಖ್ಯೆ ಹಿಂದಿನದಾಗಲಿಲ್ಲ, ಏಕೆಂದರೆ ವಯಸ್ಸು ಏರಿತ್ತು, ಉಸಿರಿನ ದಾರಿಯನ್ನು ಕಿರಿದಾಗಿಸುವ ದವಡೆಯ ರಚನೆ ತೂಕ ಇಳಿದರೂ ಬದಲಾಗುವಂಥದ್ದಲ್ಲ. ಯಂತ್ರ ಬಿಡಲಾಗದಿದ್ದರೂ ಹಗಲಿನ ತೂಕಡಿಕೆ ಹೋಗಿದೆ.

ಆದ್ದರಿಂದ ವರದಿಯನ್ನು ಜೋಪಾನವಾಗಿಟ್ಟು, ಇಂದಿನ ತೂಕವನ್ನು ಅದರ ಮೇಲೆಯೇ ಬರೆದಿಡಿ. ತೂಕ ಐದಾರು ಕಿಲೋ ಏರಿದರೆ, ರಕ್ತದೊತ್ತಡ ಮಾತ್ರೆಗೆ ಬಗ್ಗದಿದ್ದರೆ, ಹಗಲು ತೂಕಡಿಸಿದರೆ, ಮನೆಯವರು ಉಸಿರು ನಿಂತದ್ದನ್ನು ಕಂಡರೆ, ಯಾರೂ ಕರೆಯದಿದ್ದರೂ ನೀವೇ ಹೋಗಿ ಮರುಪರೀಕ್ಷೆ ಕೇಳಿ.