ಕಿಚನ್ ಬಾಗಿಲುಗಳ ಮೆಂಬ್ರೇನ್ ಸುಲಿಯುತ್ತಿದೆ, ಬಾಕ್ಸ್‌ಗಳು ಚೆನ್ನಾಗಿವೆ. ಬಾಗಿಲಿಗೆ ಮಾತ್ರ ಏನು ಹಾಕಿಸಬಹುದು?

ಎಂಟು ವರ್ಷ ಹಳೆಯ ಅಡುಗೆಮನೆ, ಪ್ಲೈವುಡ್ ಬಾಕ್ಸ್‌ಗಳು ಗಟ್ಟಿಯಾಗಿವೆ, ಒಲೆ ಪಕ್ಕದ ಬಾಗಿಲುಗಳ ಮೆಂಬ್ರೇನ್ ಅಂಚಿನಲ್ಲಿ ಎದ್ದಿದೆ, ಸಿಂಕ್ ಕೆಳಗಿನದು ಊದಿಕೊಂಡಿದೆ. ಮೈಕಾನಾ, ಪೇಂಟಾ, ಸ್ಟಿಕ್ಕರಾ ಎಂದು ಕೇಳಿದ್ದೀರಿ. ಬಾಕ್ಸ್ ಮುಟ್ಟುವ ಅಗತ್ಯವಿಲ್ಲ. ಬಾಗಿಲಿಗೆ ಏನು ಹಾಕಬೇಕು ಎನ್ನುವುದನ್ನು ಮಾತ್ರ ಬಣ್ಣದ ಕ್ಯಾಟಲಾಗ್ ತೆರೆಯುವ ಮೊದಲು, ಒಂದು ಬಾಗಿಲು ಬಿಚ್ಚಿ ಒಳಗಿನ ಹಲಗೆ ನೋಡಿ ತೀರ್ಮಾನಿಸಿ.

ಮೆಂಬ್ರೇನ್ ಎಂದರೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಮೇಲೆ ಬಿಸಿಮಾಡಿ ಎಳೆದು ಕೂರಿಸಿದ ತೆಳು ಪಿವಿಸಿ ಹಾಳೆ. ಒಲೆಯ ಕಾವು, ಕುಕ್ಕರಿನ ಹಬೆ ದಿನಾ ತಾಗಿದಾಗ ಅದು ಮತ್ತೆ ಕುಗ್ಗಲು ನೋಡುತ್ತದೆ, ಅಂಚಿನ ಅಂಟು ಬಿಡುತ್ತದೆ. ಎದ್ದ ತುದಿಗೆ ಫೆವಿಕ್ವಿಕ್ ಹಾಕಿ ಒತ್ತಿದರೆ ನಿಲ್ಲದಿರುವುದು ಇದಕ್ಕೇ. ಹಾಳೆಯನ್ನು ಪೂರ್ತಿ ತೆಗೆಯಬೇಕು. ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಒಂದು ಮೂಲೆ ಬಿಸಿ ಮಾಡಿ, ಬಾಗಿಲಿಗೆ ಒರಗಿದ ಹಾಗೆ ನಿಧಾನವಾಗಿ ಎಳೆಯಿರಿ. ನೇರ ಮೇಲಕ್ಕೆ ಕಿತ್ತರೆ ಎಂಡಿಎಫ್‌ನ ಮೇಲ್ಪದರವೂ ಚಕ್ಕೆಯಾಗಿ ಬರುತ್ತದೆ.

ಊದಿಕೊಂಡ ಸಿಂಕ್ ಬಾಗಿಲಿಗೆ ದುಡ್ಡು ಹಾಕಬೇಡಿ. ನೀರು ಕುಡಿದು ಉಬ್ಬಿದ ಎಂಡಿಎಫ್ ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ, ಉಜ್ಜಿ ಸಮ ಮಾಡಿದರೂ ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಆ ಒಂದೆರಡು ಬಾಗಿಲನ್ನು ಐಎಸ್ 710 ಗುರುತಿನ (ನೀರು ತಡೆಯುವ ಮರೀನ್ ದರ್ಜೆಯ) 18 ಎಂಎಂ ಪ್ಲೈವುಡ್‌ನಲ್ಲಿ ಹೊಸದಾಗಿ ಮಾಡಿಸಿ, ಎರಡೂ ಬದಿಗೆ ಮೈಕಾ ಹಾಕಿಸಿ.

ಉಳಿದವು ಸಪಾಟಾಗಿದ್ದರೆ ನನ್ನ ಆಯ್ಕೆ 1 ಎಂಎಂ ಮೈಕಾ. ಕಾವು, ಎಣ್ಣೆ, ಒದ್ದೆ ಬಟ್ಟೆ, ಮೂರನ್ನೂ ತಡೆಯುತ್ತದೆ. ಬಾಗಿಲಿನಲ್ಲಿ ಕೊರೆದ ಗೆರೆಯ ಡಿಸೈನ್ ಇದ್ದರೆ ಮೈಕಾ ಕೂರುವುದಿಲ್ಲ. ಗೆರೆಗೆ ಪುಟ್ಟಿ ತುಂಬಿ ಮೇಲೆ ಮೈಕಾ ಹಾಕೋಣ ಎಂದು ಕಾರ್ಪೆಂಟರ್ ಹೇಳಿದರೆ ಒಪ್ಪಬೇಡಿ. ಪುಟ್ಟಿ ಕುಗ್ಗಿ ಆ ಗೆರೆಯೇ ಮೇಲೆ ಮೂಡುತ್ತದೆ, ಇಲ್ಲವೇ ಅಲ್ಲಿ ಟೊಳ್ಳಾಗುತ್ತದೆ. ಅಂಥ ಬಾಗಿಲಿಗೆ ಪಿಯು (ಪಾಲಿಯುರಿಥೇನ್) ಪೇಂಟೇ ಸರಿ. ಗೆರೆ ಮತ್ತು ಅಂಚಿನಲ್ಲಿ ಎಂಡಿಎಫ್ ಬಣ್ಣ ಹೀರುತ್ತದೆ, ಹಾಗಾಗಿ ಅಲ್ಲಿಗೆ ಮೊದಲು ಎರಡು ಕೋಟ್ ಸೀಲರ್, ನಂತರ ಪ್ರೈಮರ್, ಪ್ರತಿ ಕೋಟ್ ನಡುವೆ 320ರ ಎಮೆರಿ ಪೇಪರ್, ಕೊನೆಗೆ ಸ್ಪ್ರೇಯಲ್ಲಿ ಎರಡು ಕೋಟ್ ಪಿಯು. ಮನೆಯೊಳಗೆ ಮಾಡುವ ಕೆಲಸವಲ್ಲ, ಧೂಳಿಲ್ಲದ ಸ್ಪ್ರೇ ಕೋಣೆ ಇರುವವರಿಗೆ ಕೊಡಿ.

ಸ್ವಂತ ಅಂಟಿರುವ ವಿನೈಲ್ ಸ್ಟಿಕ್ಕರ್ ಬಾಡಿಗೆ ಮನೆಗೆ ಸಾಕು. ಒಲೆ ಪಕ್ಕದಲ್ಲಿ ನಿಮ್ಮ ಮೆಂಬ್ರೇನಿಗೆ ಆದ ಗತಿಯೇ ಅದಕ್ಕೂ ಆಗುತ್ತದೆ, ಇನ್ನೂ ಬೇಗ.

ಮೈಕಾ ಲೆಕ್ಕ ಹೀಗೆ. ಹಾಳೆ 8×4 ಅಡಿ, ಅಂದರೆ 96×48 ಇಂಚು. ಬಾಗಿಲು 28×18 ಇಂಚು ಎಂದುಕೊಳ್ಳಿ, ಟ್ರಿಮ್ ಮಾಡಲು ಅರ್ಧ ಇಂಚು ಸೇರಿಸಿ 28.5×18.5 ಕತ್ತರಿಸಬೇಕು. ಒಂದೇ ಬಣ್ಣದ ಮೈಕಾ ಆದರೆ ಐದು ತುಂಡು ಅಡ್ಡ, ಮೂರು ಉದ್ದ ಕೂರಿಸಿ ಒಂದು ಹಾಳೆಯಲ್ಲಿ ಎಂಟು ಬಾಗಿಲು ಬರುತ್ತವೆ. ಮರದ ಎಳೆಯಿರುವ ಡಿಸೈನ್ ಆದರೆ ಎಳೆಗಳೆಲ್ಲ ನಿಂತ ದಿಕ್ಕಿನಲ್ಲೇ ಬರಬೇಕು, ಆಗ ಸಿಗುವುದು ಆರೇ. ಹದಿನಾರು ಬಾಗಿಲಿಗೆ ಎರಡು ಹಾಳೆಯೋ ಮೂರೋ ಎನ್ನುವುದು ಇಲ್ಲೇ ನಿರ್ಧಾರವಾಗುತ್ತದೆ.

ಬಾಗಿಲು ಬಿಚ್ಚುವಾಗ ಪ್ರತಿಯೊಂದರ ಹಿಂಜ್ ಗುಂಡಿಯೊಳಗೆ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ, ಅಲ್ಲಿ ಅದು ಉಜ್ಜಿದರೂ ಅಳಿಯುವುದಿಲ್ಲ. ಹಾಳೆ ತೆಗೆಯುವ ಮೊದಲೇ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಎಣ್ಣೆ ಜಿಡ್ಡು ಒರೆಸಿ ಒಣಗಿಸಿ. ಎದ್ದ ಅಂಚಿನ ಕಡೆ ನೀರು ಹೋಗದಿರಲಿ. ಈ ಕ್ರಮ ತಪ್ಪಿಸಬೇಡಿ: ಜಿಡ್ಡಿನ ಮೇಲೆ ಎಮೆರಿ ಪೇಪರ್ ಹಾಕಿದರೆ ಎಣ್ಣೆ ಹಲಗೆಯೊಳಗೆ ಇಳಿಯುತ್ತದೆ, ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಹಾಳೆ ತೆಗೆದ ಮೇಲೆ ಹಳೆ ಅಂಟನ್ನು ಕೆರೆದು 120ರ ಪೇಪರ್‌ನಲ್ಲಿ ಉಜ್ಜಿ. ಎಂಡಿಎಫ್ ಧೂಳು ಬಹಳ ನುಣುಪು, ಮಾಸ್ಕ್ ಬೇಕೇ ಬೇಕು.

ಮನೆಯಲ್ಲಿ ಕೈಯಲ್ಲಿ ಅಂಟಿಸುವುದಾದರೆ ರಬ್ಬರ್ ಬೇಸ್ ಅಂಟು, ಉದಾಹರಣೆಗೆ ಫೆವಿಕಾಲ್ ಎಸ್‌ಆರ್ 998. ಬಿಳಿ ಫೆವಿಕಾಲ್ ಒಣಗಲು ಅದರ ನೀರನ್ನು ಹಲಗೆ ಹೀರಬೇಕು, ಗಂಟೆಗಟ್ಟಲೆ ಭಾರ ಹೇರಿರಬೇಕು. ಹಳೆ ಮೈಕಾದ ಮೇಲೆ ಹೊಸ ಮೈಕಾ ಹಾಕುವಲ್ಲಿ ಅದು ನಡೆಯುವುದೇ ಇಲ್ಲ, ನೀರು ಹೋಗಲು ಜಾಗವಿಲ್ಲ. ರಬ್ಬರ್ ಅಂಟನ್ನು ಹಲಗೆಗೂ ಮೈಕಾ ಬೆನ್ನಿಗೂ ತೆಳುವಾಗಿ ಬಳಿದು, ಬೆರಳು ಮುಟ್ಟಿದರೆ ಅಂಟದಷ್ಟು ಒಣಗಲು ಬಿಡಿ, ಸುಮಾರು 10ರಿಂದ 15 ನಿಮಿಷ. ಹಸಿ ಇರುವಾಗಲೇ ಒತ್ತಿದರೆ ಥಿನ್ನರ್ ಒಳಗೆ ಸಿಕ್ಕಿಕೊಂಡು ಕೆಲವು ದಿನದಲ್ಲಿ ಗುಳ್ಳೆ ಏಳುತ್ತದೆ. ಎರಡು ಮುಖ ಸೇರಿದ ಮೇಲೆ ಸರಿಸಲು ಆಗದು, ಆದ್ದರಿಂದ ನಡುವೆ ನಾಲ್ಕೈದು ಮರದ ಪಟ್ಟಿ ಇಟ್ಟು ಮೈಕಾ ಕೂರಿಸಿ, ನಡುವಿನಿಂದ ಒಂದೊಂದೇ ಪಟ್ಟಿ ಎಳೆಯುತ್ತಾ ಹೊರಕ್ಕೆ ಒತ್ತಿಕೊಂಡು ಬನ್ನಿ. ಜಡಿಮಳೆಯ ದಿನ ಈ ಕೆಲಸ ಬೇಡ. ತೇವದ ಗಾಳಿಯಲ್ಲಿ ಅಂಟಿನ ಮೇಲೆ ಮಂಜಿನಂತೆ ನೀರು ಕೂತು ಬಂಧ ಸಡಿಲವಾಗುತ್ತದೆ. ಈ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ. ಬಾಲ್ಕನಿಯಲ್ಲೋ ತಾರಸಿಯ ನೆರಳಲ್ಲೋ ಮಾಡಿ, ಹತ್ತಿರ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು.

ಅಂಚಿಗೆ ಬಂದರೆ, ಅದೊಂದನ್ನು ಕೈಕೆಲಸಕ್ಕೆ ಬಿಡಬೇಡಿ. ಹೊಸ ಬಾಗಿಲೂ ಹಾಳಾಗಲು ಶುರುವಾಗುವುದು ಅಂಚಿನಿಂದಲೇ. ಮೈಕಾ ಟ್ರಿಮ್ ಆದ ಮೇಲೆ ಎಡ್ಜ್ ಬ್ಯಾಂಡಿಂಗ್ ಮೆಷಿನ್ ಇರುವ ವರ್ಕ್‌ಶಾಪಿಗೆ ಒಯ್ದು ನಾಲ್ಕೂ ಬದಿಗೆ ಪಿವಿಸಿ ಪಟ್ಟಿ ಹಾಕಿಸಿ, ಕಣ್ಣಿಗೆ ಬೀಳದ ಕೆಳಬದಿಗೂ. 0.8 ಎಂಎಂ ಪಟ್ಟಿ ಎಂದರೂ ಪಕ್ಕಪಕ್ಕದ ಎರಡು ಬಾಗಿಲ ನಡುವಿನ ಸಂದು 1.6 ಎಂಎಂ ಕಡಿಮೆಯಾಗುತ್ತದೆ. ಈಗ ಸಂದು 3 ಎಂಎಂ ಇದ್ದರೆ ಬಾಗಿಲುಗಳು ಉಜ್ಜಾಡುತ್ತವೆ, ಹಾಗಾಗಿ ಮೊದಲೇ ಪ್ರತಿ ಬದಿಯಿಂದ ಪಟ್ಟಿಯ ದಪ್ಪದಷ್ಟು ಕತ್ತರಿಸಲು ಹೇಳಿ. ಹಿಂಜ್ ಇರುವ ಬದಿಯಲ್ಲಿ ಕತ್ತರಿಸಿದ್ದಕ್ಕಿಂತ ಹೆಚ್ಚು ಪಟ್ಟಿ ಕೂರಿಸಿದರೂ, ಕಡಿಮೆ ಕೂರಿಸಿದರೂ 35 ಎಂಎಂ ಗುಂಡಿಯ ಅಂತರ ಬದಲಾಗುತ್ತದೆ.

ಎರಡು ಅಡಿಗಿಂತ ಎತ್ತರದ ಬಾಗಿಲಿದ್ದರೆ ಒಳಬದಿಗೂ 0.8 ಎಂಎಂ ಲೈನರ್ (ಒಳಬದಿಗೆಂದೇ ಬರುವ ತೆಳು ಮೈಕಾ) ಹಾಕಿಸುವುದು ಕ್ಷೇಮ. ಒಂದೇ ಬದಿಗೆ ಮೈಕಾ ಹಾಕಿದ ಉದ್ದ ಬಾಗಿಲು ಹವೆ ಬದಲಾದಂತೆ ಬಿಲ್ಲಿನ ಹಾಗೆ ಬಾಗುತ್ತದೆ, ಹಿಂಜ್ ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ದಪ್ಪ ಹೆಚ್ಚಿದ್ದರಿಂದ ಹಿಡಿಕೆಯ ಹಳೆ 25 ಎಂಎಂ ಸ್ಕ್ರೂ ಸಾಲದೆ ಹೋಗಬಹುದು, 30 ಎಂಎಂನವು ಒಂದು ಪ್ಯಾಕೆಟ್ ತಂದಿಟ್ಟುಕೊಳ್ಳಿ.

ಎಲ್ಲ ಬಾಗಿಲನ್ನೂ ಒಟ್ಟಿಗೆ ಕೊಡಬೇಡಿ. ಒಲೆ ಪಕ್ಕದ ಜೋಡಿ ಬಾಗಿಲನ್ನು ಮೊದಲು ಮುಗಿಸಿ ತೂಗುಹಾಕಿ, ಎರಡು ವಾರ ಅಡುಗೆ ಮಾಡಿ, ಅಂಚು ಮತ್ತು ಸಂದು ನೋಡಿಕೊಂಡು ಉಳಿದದ್ದಕ್ಕೆ ಕೈ ಹಾಕಿ.